ಗುಳ್ಳವ್ವನನ್ನು ಸುಟ್ಟ ಕಥೆ

ಪುಣೆ ಸ್ಟೇಷನ್ನು

ನಮ್ಮ ಬೀದಿಯಲ್ಲಿ ಫಾರಿನ್ ನೋಡಿದವರು ನಾಲ್ಕು ಮನೆಯವರಿದ್ದಾರೆ. ಅವರ ಆಲ್ಬಮ್ಮುಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ನಾನು ಸಮುದ್ರ ದಾಟಿದವಳಲ್ಲ. ಮೂವತ್ತೆರಡು ವರ್ಷ ಮೈಸೂರಿನ ಒಂದೇ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದು, ಒಂದೇ ಅಂಗಡಿಯ ಕಾಫಿಪುಡಿ ತಂದು, ಒಂದೇ ಬೀದಿಯಲ್ಲಿ ಓಡಾಡಿ ನಿವೃತ್ತಳಾದವಳು. ನನ್ನ ಪಾಲಿಗೆ ಬೆಳಗಾವಿ ದಾಟಿದರೆ ವಿದೇಶವೇ. ಆದ್ದರಿಂದ ಪುಣೆಯಲ್ಲಿ ಮೂರು ವಾರ ಇದ್ದು ಬಂದದ್ದನ್ನು ವಿದೇಶ ಪ್ರವಾಸವೆಂದೇ ಬರೆಯುತ್ತಿದ್ದೇನೆ. ಒಪ್ಪದವರು ತಮ್ಮ ಆಲ್ಬಮ್ ತಾವು ನೋಡಿಕೊಳ್ಳಲಿ.

ನನ್ನನ್ನು ಕರೆಸಿಕೊಂಡವಳು ನಳಿನಿ. ಮೈಸೂರಿನ ಚಿತ್ರಕಲಾ ಶಾಲೆಯಲ್ಲಿ ನನ್ನ ಪಕ್ಕದ ಬೆಂಚಿನವಳು. ಧಾರವಾಡದ ಕಡೆಯಿಂದ ಬಂದು ಪುಣೆಯಲ್ಲಿ ಬಟ್ಟೆ ವ್ಯಾಪಾರ ಮಾಡಿದ ಮನೆತನದ ಮಗಳು, ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅವಳು ಮಗರಪಟ್ಟಾ ಬಡಾವಣೆಯ ಆಚೆ ಕಟ್ಟಡ ಕೆಲಸಕ್ಕೆ ಬಂದ ಹೆಂಗಸರಿಗೆ ವಾರಕ್ಕೆ ಎರಡು ಸಂಜೆ ಚಿತ್ರ, ಬಣ್ಣ, ಮಣ್ಣಿನ ಕೆಲಸ ಮಾಡಿಸುತ್ತಿದ್ದಳು. 'ಎಲ್ಲಾರೂ ಇಂಡಿ, ಸಿಂದಗಿ ಕಡ್ಯಾವ್ರು. ಊರು ಬಿಟ್ಟ ಬಂದಾರ, ಇಲ್ಲಿ ಯಾರೂ ಅವರನ್ನ ಮಾತಾಡ್ಸೂದಿಲ್ಲ. ಕೈಯಾಗ ಏನರ ಇದ್ರ ಮನಸು ಹಗುರ ಆಗ್ತದ. ನಿನ್ನ ಮಣ್ಣಿನ ಕೈ ನನಗ ಇಲ್ಲ, ಬಾ' ಎಂದು ಪತ್ರ ಬರೆದಿದ್ದಳು. ಹೊಗಳಿಕೆಗೆ ಸೋಲದ ಟೀಚರ್ ಇನ್ನೂ ಹುಟ್ಟಿಲ್ಲ. ಮಾರನೆಯ ದಿನವೇ ಟಿಕೆಟ್ ಮಾಡಿಸಿದೆ.

ನಾನು ಇಳಿದ ದಿನ ಊರಿಗೆ ಪಾಲಖಿ, ಅಂದರೆ ಸಂತರ ಪಾದುಕೆಯ ಪಲ್ಲಕ್ಕಿ, ಬಂದಿತ್ತು. ಪಂಢರಪುರಕ್ಕೆ ನಡೆದು ಹೋಗುವ ಸಾವಿರಾರು ಜನ ರಸ್ತೆಯ ತುಂಬ. ಆಟೋದವನು ಅರ್ಧ ದಾರಿಯಲ್ಲಿ ಇಂಜಿನ್ ನಿಲ್ಲಿಸಿ, ನನ್ನ ಟ್ರಂಕನ್ನು ಫುಟ್‌ಪಾತಿನ ಮೇಲಿಟ್ಟು, 'ಮಾವಶಿ, ಆತಾ ಚಾಲಾ' ಎಂದ. ಇನ್ನು ನಡಿ ಎಂಬುದು ಅವನ ಕೈ ನೋಡಿಯೇ ತಿಳಿಯಿತು. ನನಗೆ ಮೈಯೆಲ್ಲ ಉರಿದು, ಹಿಂದಿ ಪರೀಕ್ಷೆಗೆ ಓದಿದ ವಾಕ್ಯಗಳನ್ನೆಲ್ಲ ಅವನ ಮೇಲೆ ಪ್ರಯೋಗಿಸಿದೆ. ಅಷ್ಟರಲ್ಲಿ ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಒಬ್ಬ ಮುದುಕಿ ಗುಂಪಿನಿಂದ ಹೊರಬಂದು, ನನ್ನ ಟ್ರಂಕಿನ ಒಂದು ಹಿಡಿ ಹಿಡಿದು, ನಾಲ್ಕು ಕಟ್ಟಡ ದಾಟಿಸಿ, ಒಂದು ಮಾತೂ ಆಡದೆ ಮತ್ತೆ ಗುಂಪು ಸೇರಿಕೊಂಡಳು. ನಳಿನಿ ಆಮೇಲೆ ಹೇಳಿದ ಹಾಗೆ, ಅವಳು ಎರಡು ದಿನದಲ್ಲಿ ಘಾಟು ಹತ್ತಿ ಸಾಸವಡ ಎಂಬ ಊರು ಸೇರಬೇಕಿತ್ತಂತೆ. ನಮ್ಮ ದಸರೆಯ ಜನಜಂಗುಳಿಯಲ್ಲಿ ನನ್ನ ಕಾಲು ತುಳಿದವರಿದ್ದಾರೆ, ಟ್ರಂಕು ಹೊತ್ತವರು ಯಾರೂ ಇಲ್ಲ.

ತಗಡಿನ ಶೆಡ್ಡು

ಪುಣೆಯ ಬಗ್ಗೆ ಎರಡು ದೂರು ಮೊದಲೇ ಹೇಳಿಬಿಡುತ್ತೇನೆ. ಒಂದು, ಕಾಫಿ ಇಲ್ಲ. ಇರುವುದೆಲ್ಲ ಚಹಾ, ಅದೂ ಪಾಯಸದಷ್ಟು ಸಿಹಿ. ಎರಡು, ಮಧ್ಯಾಹ್ನ ಒಂದಕ್ಕೆ ಅಂಗಡಿ ಮುಚ್ಚಿದರೆ ನಾಲ್ಕರವರೆಗೆ ದೇವರು ಬಂದರೂ ತೆಗೆಯುವುದಿಲ್ಲ. ತಂತಿಯ ಸುರುಳಿಯೊಂದು ಬೇಕೆಂದು ಒಂದು ಗಂಟೆ ಐದು ನಿಮಿಷಕ್ಕೆ ಹೋದೆ. ಮಾಲೀಕ ಗಲ್ಲೆಯ ಹಿಂದೆಯೇ ಕೂತಿದ್ದ. ತಂತಿ ಅವನ ಮೊಣಕೈ ಹತ್ತಿರವೇ ನೇತಾಡುತ್ತಿತ್ತು. 'ಬಂದ್ ಆಹೇ' ಎಂದು ಪೇಪರಿನಿಂದ ತಲೆ ಎತ್ತದೆ ಹೇಳಿದ. ನಾನು ಮೂವತ್ತೆರಡು ವರ್ಷ ಸ್ಕೂಲಿನ ಬೆಲ್ಲಿಗೆ ಬದುಕಿದವಳು, ಒಳಗೊಳಗೇ ಅವನನ್ನು ಮೆಚ್ಚಿಕೊಂಡೆ.

ಕೆಲಸಗಾರರ ವಸತಿ ಊರಿನ ಅಂಚಿನಲ್ಲಿತ್ತು. ಅರ್ಧ ಎದ್ದ ಹತ್ತು ಹನ್ನೆರಡು ಮಹಡಿಯ ಕಟ್ಟಡಗಳು, ಅವುಗಳ ಕಾಲ ಬುಡದಲ್ಲಿ ತಗಡಿನ ಖೋಲಿಗಳ ಸಾಲು. ಪ್ರತಿ ಖೋಲಿಗೂ ಬಣ್ಣದಲ್ಲಿ ಬರೆದ ನಂಬರು. ಮೇಸ್ತ್ರಿಯ ಹಾಜರಿ ಪುಸ್ತಕದಲ್ಲೂ ಹೆಂಗಸರಿಗೆ ಆ ನಂಬರೇ. ಹೊರಗಿನವರಿಗೆ ಅವರೆಲ್ಲ 'ಬಿಗಾರಿ', ಅಂದರೆ ಕೂಲಿಯವರು. ಬೆಳಗ್ಗೆ ಇಟ್ಟಿಗೆ ಹೊರಲು ಮೇಲೆ ಹೋದರೆ ಸಂಜೆ ಆರಕ್ಕೆ ಇಳಿಯುವುದು. ಆಮೇಲೆ ನಲ್ಲಿಯ ಸಾಲು, ಒಲೆ, ರೊಟ್ಟಿ. ಅಷ್ಟರ ನಡುವೆ ಒಂದು ಗಂಟೆ ಅವರು ನಳಿನಿಯ ಶೆಡ್ಡಿಗೆ ಬರುತ್ತಿದ್ದರು. ಮೊದಲು ಸಿಮೆಂಟ್ ಚೀಲ ಇಡುತ್ತಿದ್ದ ಜಾಗ ಅದು. ಎಷ್ಟು ಗುಡಿಸಿದರೂ ಒಂದು ಹಿಡಿ ಬೂದು ಧೂಳು ಏಳುತ್ತಿತ್ತು.

ಮೊದಲ ಸಂಜೆ ಒಂಬತ್ತು ಜನ ಬಂದರು. ನಾನು ಕುಂಬಾರರ ಕೇರಿಯಾದ ಕುಂಭಾರವಾಡಾದಿಂದ ತರಿಸಿದ ಜೇಡಿಮಣ್ಣನ್ನು ಉಂಡೆ ಮಾಡಿ ಹಂಚಿದೆ. 'ಎಲ್ಲರೂ ಕೂತ್ಕೊಳ್ಳಿ. ನಿಮ್ಮ ಮನಸ್ಸಿನಲ್ಲಿ ಏನಿದೆಯೋ ಅದನ್ನು ಮಾಡಿ' ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

'ಅಕ್ಕೋರು ಸಿನಿಮಾದಾಗಿನವರ ಹಂಗ ಮಾತಾಡ್ತಾರ' ಎಂದಳು ಗೌರವ್ವ ಎಂಬ ದಪ್ಪನೆಯ ಹೆಂಗಸು. ಆಮೇಲೆ ಗಂಭೀರವಾಗಿ ಕೇಳಿದಳು: 'ಎಷ್ಟ ಮಾಡಬೇಕ್ರಿ?'

'ಎಷ್ಟು ಅಂತ ಏನೂ ಇಲ್ಲಮ್ಮ. ಇಷ್ಟ ಬಂದಷ್ಟು.'

'ಹಂಗಲ್ರಿ, ಲೆಕ್ಕಾ ಹೇಳಿದ್ರ ಲಗೂನ ಮುಗಿಸಿ ಹೋಗತೀವಿ.'

ಮುಕ್ಕಾಲು ಗಂಟೆಯಲ್ಲಿ ಒಂಬತ್ತು ಜನರೂ ಮಾಡಿಟ್ಟದ್ದು ಪುಟ್ಟ ಪುಟ್ಟ ಇಟ್ಟಿಗೆ. ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ನಳಿನಿ ತಲೆಯ ಮೇಲೆ ಕೈ ಹೊತ್ತಳು. ನನಗೆ ನಗು ತಡೆಯಲಾಗಲಿಲ್ಲ.

ಹಿಂದಿನ ಮೂಲೆಯಲ್ಲಿ ಒಬ್ಬಳು ಇಟ್ಟಿಗೆಯನ್ನೂ ಮಾಡಿ ಮತ್ತೆ ಮುರಿದು ಉಂಡೆ ಕಟ್ಟಿಟ್ಟಿದ್ದಳು. ಯಾರ ಜೊತೆಯೂ ಮಾತಿಲ್ಲ. ಇಪ್ಪತ್ತೆಂಟು ಮೂವತ್ತರ ಪ್ರಾಯ, ಸಣಕಲು. ಅವಳೇ ನೀಲವ್ವ. ಇಂಡಿ ತಾಲೂಕಿನ ಹೊಳೆಸಾಲಿನ ಒಂದು ಹಳ್ಳಿಯವಳು. ಎಂಟು ವರ್ಷದ ಮಗಳು ಭಾಗ್ಯಾಳನ್ನು, ಇಲ್ಲಿ ಕನ್ನಡ ಸಾಲಿ ಇಲ್ಲವೆಂದು, ತನ್ನ ತಾಯಿಯ ಹತ್ತಿರ ಬಿಟ್ಟು ಬಂದು ಒಂದೂವರೆ ವರ್ಷವಾಗಿತ್ತು. 'ಬಂದಾಗಿಂದ ಹಿಂಗ. ಕೆಲಸ ಮಾಡ್ತಾಳ, ಉಣ್ತಾಳ, ಮಾತ ಇಲ್ಲ' ಎಂದಳು ಗೌರವ್ವ, ನೀಲವ್ವನ ಎದುರಿಗೇ.

ಮಣ್ಣೆತ್ತಿನ ಅಮಾವಾಸ್ಯೆ

ಎರಡು ದಿನದ ನಂತರ, ಭಾನುವಾರ, ಕರೆಯದೆಯೇ ಎಲ್ಲರೂ ಶೆಡ್ಡಿಗೆ ಬಂದರು. 'ಅಕ್ಕೋರ, ಮಣ್ಣ ಕೊಡ್ರಿ, ಇವತ್ತ ಎತ್ತ ಮಾಡಬೇಕು' ಎಂದು ಬೆಳಗ್ಗೆಯೇ ಕೈ ಚಾಚಿದರು. ಅದು ಮಣ್ಣೆತ್ತಿನ ಅಮಾವಾಸ್ಯೆ. ನಮ್ಮ ಮೈಸೂರಿನ ಕಡೆ ಇಲ್ಲದ ಹಬ್ಬ, ನಾನು ಕೇಳಿದ್ದೆನೇ ಹೊರತು ನೋಡಿರಲಿಲ್ಲ. ಮನಸ್ಸಿನಲ್ಲಿದ್ದುದನ್ನು ಮಾಡಿ ಎಂದಾಗ ಇಟ್ಟಿಗೆ ಮಾಡಿದ ಕೈಗಳು ಕಣ್ಣು ಮಿಟುಕಿಸುವುದರೊಳಗೆ ಎತ್ತು ಎಬ್ಬಿಸಿದವು. ಮಡಿಸಿ, ಚಿವುಟಿ, ಎರಡು ಬೆರಳಲ್ಲಿ ಡುಬ್ಬ ಎತ್ತಿ, ಹೆಬ್ಬೆರಳಲ್ಲಿ ಒತ್ತಿ ಗಂಗೆದೊಗಲು. ನಾನು ಮಕ್ಕಳಿಗೆ ಪ್ರಾಣಿಯ ಅಂಗರಚನೆ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೇನೆ. ಆ ಎತ್ತುಗಳ ನಿಲುವು ನನ್ನ ಒಂದು ಚಿತ್ರಕ್ಕೂ ಬಂದಿಲ್ಲ.

ಮಾರನೆಯ ದಿನ ಹೋಗಿ ನೋಡಿದರೆ ಮಕ್ಕಳು ಅವನ್ನು ನಲ್ಲಿಯ ಹತ್ತಿರ ಓಡಿಸಿ ಆಡುತ್ತಿದ್ದರು. ಮಳೆ ಬಂತು. ಅಷ್ಟು ಚೆಂದದ ಎತ್ತುಗಳು ಸಂಜೆಯ ಹೊತ್ತಿಗೆ ಕೆಸರು. ಯಾರಿಗೂ ಒಂದಿಷ್ಟೂ ಬೇಜಾರಿಲ್ಲ. ನಾನು ಮಾತ್ರ ಆ ಕೆಸರಿನಲ್ಲಿ ಒಂದು ಕೊಂಬಾದರೂ ಉಳಿದಿದೆಯೇ ಎಂದು ಹುಡುಕಿದೆ.

ಇಲ್ಲಿ ನಮ್ಮ ಮೈಸೂರಿನವರ ಬುದ್ಧಿಯನ್ನು ಹೇಳಬೇಕು. ನಾವು ಗೊಂಬೆ ಎಸೆಯುವವರಲ್ಲ. ನಮ್ಮ ಮನೆಯಲ್ಲಿ ದಸರೆಗೆ ಕೂರಿಸುವ ಗೊಂಬೆಗಳಲ್ಲಿ ನನ್ನ ಅಜ್ಜಿಯ ಅತ್ತೆಯ ಕಾಲದವು ಇವೆ. ಹಳೆಯ ಪಂಚೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಬೇವಿನೆಲೆ ಹಾಕಿ, ವರ್ಷಕ್ಕೊಮ್ಮೆ ತೆಗೆದು, ಮತ್ತೆ ಸುತ್ತಿಡುತ್ತೇವೆ. ಮೂಗು ಮುರಿದ ಶೆಟ್ಟಿ ಗೊಂಬೆಗೂ ಒಂದು ಮೆಟ್ಟಿಲಲ್ಲಿ ಜಾಗವಿದೆ. ಗೊಂಬೆ ಒಡೆದರೆ ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡುವುದಿಲ್ಲ. ಅಂಥ ಮನೆಯಲ್ಲಿ ಬೆಳೆದವಳ ಎದುರು ಎತ್ತುಗಳು ಕರಗಿದ್ದವು. ಮುಂದೆ ನಡೆದ ಅನಾಹುತಕ್ಕೆ ಇದೇ ಮೂಲ.

ಮೊದಲ ಮಂಗಳವಾರ

ಅಮಾವಾಸ್ಯೆ ಕಳೆದ ಮಂಗಳವಾರ ಗುಳ್ಳವ್ವನ ಹಬ್ಬ. ಆಷಾಢದ ಮಂಗಳವಾರಗಳಲ್ಲಿ ಅವರ ಕಡೆ ಹೆಣ್ಣುಮಕ್ಕಳು ಮಣ್ಣಿನಲ್ಲಿ ಗುಳ್ಳವ್ವ ಎಂಬ ತಾಯಿಯನ್ನು ಮಾಡಿ, ಸಿಂಗರಿಸಿ, ಹಾಡುತ್ತಾರೆ. ಅಂದು ಎಲ್ಲರಿಗಿಂತ ಮೊದಲು ಮಣ್ಣಿಗೆ ಕೈ ಹಾಕಿದವಳು ನೀಲವ್ವ.

ನಾನು ಸದ್ದಿಲ್ಲದೆ ಅವಳ ಹಿಂದೆ ಕೂತೆ. ಚಕ್ಕಳಮಕ್ಕಳ ಹಾಕಿ ಕೂತ ಹೆಣ್ಣು, ಗೇಣುದ್ದವೂ ಇಲ್ಲ. ಮಡಿಲು ಅಗಲ. ಬೆನ್ನಿಗೆ ಜಡೆ. ಊರಲ್ಲಿ ಗುಲಗಂಜಿ ಹಚ್ಚುತ್ತಿದ್ದರಂತೆ, ಇಲ್ಲಿ ಗುಲಗಂಜಿ ಎಲ್ಲಿಂದ ಬರಬೇಕು? ಕಟ್ಟಡದ ಬಚ್ಚಲುಮನೆಗಳಿಗೆ ಕೂರಿಸುವ ನೀಲಿ ಟೈಲ್ಸಿನ ಚೂರು ಸೆರಗಿನಿಂದ ಬಿಚ್ಚಿ ಮೈತುಂಬ ಒತ್ತಿದಳು. ಒಡೆದ ಬಳೆಯ ಚೂರಿನ ಡಾಬು. ಬಾಯಿಗೆ ಜೋಳದ ಕಾಳಿನ ಹಲ್ಲು, ಸಾಲಾಗಿ ಆರು. ಹಲ್ಲು ಕೂರಿಸುತ್ತಲೇ ಗುಳ್ಳವ್ವ ನಕ್ಕಳು. ನೀಲವ್ವನೂ ನಕ್ಕಳು. ಆಮೇಲೆ ಸಣ್ಣ ದನಿಯಲ್ಲಿ ಹಾಡು ಎತ್ತಿದಳು. ಶೆಡ್ಡಿನಲ್ಲಿದ್ದವರೆಲ್ಲ ಒಂದು ಗಳಿಗೆ ಕೈ ನಿಲ್ಲಿಸಿದರು.

'ಏ ನೀಲೀ, ನಿನಗ ದನಿ ಅದನs?' ಎಂದು ಗೌರವ್ವ ಕಣ್ಣೊರೆಸಿಕೊಂಡು ತಾನೂ ದನಿ ಕೂಡಿಸಿದಳು. ಹತ್ತು ನಿಮಿಷದಲ್ಲಿ ತಗಡೆಲ್ಲ ಹಾಡಾಯಿತು. ಗಂಡಸರು ಬೀಡಿ ಸೇದುತ್ತ ಬಾಗಿಲಲ್ಲಿ ನಿಂತರು. ಆ ಸಂಜೆ ನನಗೆ ಆದ ಸಂತೋಷವನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ: ನಾನೇ ಇದನ್ನೆಲ್ಲ ಮಾಡಿಸಿದೆ ಎಂಬ ಜಂಭವೂ ಅದರಲ್ಲಿತ್ತು.

ಹೋಗುವಾಗ ಅವರು ಒಂಬತ್ತು ಗುಳ್ಳವ್ವರನ್ನೂ ಶೆಡ್ಡಿನ ಹಲಗೆಯ ಮೇಲಿಟ್ಟರು. ಖೋಲಿಗಳು ಸೋರುತ್ತವೆ, ಇಲ್ಲೇ ಇರಲಿ ಅಂದರು. ಇರಲಿ ಎಂದರೆ ಎಷ್ಟು ದಿನ, ಆಮೇಲೆ ಏನು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಯಾರಾದರೂ ಏಕೆ ಹೇಳುತ್ತಾರೆ?

ಕುಂಭಾರವಾಡಾ

ಇವನ್ನು ಕರಗಲು ಬಿಡಬಾರದು ಎಂದು ನಾನು ನಿಶ್ಚಯಿಸಿದೆ. ಸುಟ್ಟರೆ ನೂರು ವರ್ಷ ಬಾಳುತ್ತವೆ. ಮಗರಪಟ್ಟಾದ ಆಫೀಸುಗಳ ಎದುರು ಒಂದು ಪ್ರದರ್ಶನ ಇಡಬಹುದು, ಪ್ರತಿ ಗೊಂಬೆಯ ಮುಂದೆ ಮಾಡಿದವಳ ಹೆಸರು, ನಂಬರಲ್ಲ, ಹೆಸರು. ನನ್ನ ಕಣ್ಣಿಗೆ ಚೀಟಿಗಳೂ ಕಾಣತೊಡಗಿದವು.

'ಒಂದ ಮಾತ ಅವರನ್ನ ಕೇಳೂಣೇನ?' ಎಂದಳು ನಳಿನಿ.

'ಏನು ಕೇಳೋದು? ಸರ್‌ಪ್ರೈಸ್ ಕೊಡೋಣ' ಎಂದೆ ನಾನು. ಅವಳಿಗೂ ಹಳ್ಳಿಯ ಪದ್ಧತಿ ಗೊತ್ತಿರಲಿಲ್ಲ. ತಪ್ಪು ಅವಳದಲ್ಲ, ಪೂರ್ತಿ ನನ್ನದು.

ಮೂರು ದಿನ ಗುಳ್ಳವ್ವರನ್ನು ನಳಿನಿಯ ಅಡುಗೆಮನೆಯ ಒಲೆಯ ಪಕ್ಕ ಒಣಗಿಸಿದೆ. ಬುಡವನ್ನು ತಂತಿಯಿಂದ ಕೊರೆದು ಟೊಳ್ಳು ಮಾಡಿದೆ. ಶನಿವಾರ ಸ್ಕೂಟರಿನ ಮೇಲೆ ನಳಿನಿಯ ಹಿಂದೆ ಪೆಟ್ಟಿಗೆ ತೊಡೆಯ ಮೇಲಿಟ್ಟು ಕೂತು ಕುಂಭಾರವಾಡಾಕ್ಕೆ ಹೋದೆ. ದಾರಿಯ ತುಂಬ ಹುಡುಗಿಯರು ಮುಖಕ್ಕೆಲ್ಲ ಓಢಣಿ ಸುತ್ತಿ ಕಣ್ಣು ಮಾತ್ರ ಬಿಟ್ಟು ಸ್ಕೂಟರ್ ಓಡಿಸುತ್ತಿದ್ದರು. ಮೊದಲ ದಿನ ಇವರೆಲ್ಲ ಡಕಾಯಿತರೆಂದೇ ಹೆದರಿದ್ದೆ. ಈಗ ನಾನೂ ಸೆರಗು ಸುತ್ತಿಕೊಂಡಿದ್ದೆ.

ಭಟ್ಟಿಯ ಮುದುಕ ಒಂದು ಗುಳ್ಳವ್ವನನ್ನು ಎತ್ತಿ, ತಿರುಗಿಸಿ, ನನ್ನ ಮುಖ ನೋಡಿದ. 'ಭಾಜಾಯಚಂ?' ಎಂದ. ಸುಡಬೇಕಾ ಎಂದು ಅರ್ಥ ಎಂದಳು ನಳಿನಿ. ಹೂಂ ಎಂದೆ. 'ನಕ್ಕೀ ಭಾಜಾಯಚಂ?' ಎಂದು ಮತ್ತೆ ಕೇಳಿದ, ಖಂಡಿತವಾಗಿ ತಾನೇ ಎಂದು. ಎಷ್ಟು ಸಲ ಹೇಳಬೇಕು ಈ ಮನುಷ್ಯನಿಗೆ ಎಂದು ನನಗೆ ರೇಗಿತು.

ಭಾನುವಾರ ನಸುಕಿಗೆ ಹೋಗಿ ತೆಗೆಸಿದಾಗ ಒಂಬತ್ತರಲ್ಲಿ ಎರಡು ಬೆಂಕಿಯಲ್ಲಿ ಸಿಡಿದಿದ್ದವು. ಏಳು ಉಳಿದವು, ಇಟ್ಟಿಗೆಗೆಂಪು, ಬೆರಳಲ್ಲಿ ತಟ್ಟಿದರೆ ಠಣ್ ಎನ್ನುತ್ತಿದ್ದವು. ಜೋಳದ ಕಾಳುಗಳು ಮಾತ್ರ ಸುಟ್ಟು ಉದುರಿ, ನೀಲವ್ವನ ಗುಳ್ಳವ್ವನ ಬಾಯಲ್ಲಿ ಆರು ತೂತು ಉಳಿದಿದ್ದವು. ಹಲ್ಲಿಗೆ ಬಿಳಿ ಬಣ್ಣ ಹಚ್ಚಿದರಾಯಿತು ಎಂದುಕೊಂಡೆ.

ಭಾನುವಾರ, ಹೊಳೆಯ ದಂಡೆ

ಭಾನುವಾರ ಬೆಳಗ್ಗೆ ಶೆಡ್ಡಿನ ಮುಂದೆ ಒಂಬತ್ತು ಹೆಂಗಸರೂ ಸಾಲಾಗಿ ಕಾಯುತ್ತಿದ್ದರು. ತೊಳೆದ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ಬಟ್ಟೆ ಕಟ್ಟಿದ ಬುತ್ತಿ. ಊರಿನಲ್ಲಿ ಬುಧವಾರವೇ ಕಳಿಸಿಬಿಡುತ್ತಾರೆ, ಇಲ್ಲಿ ರಜೆ ಸಿಗುವುದು ಭಾನುವಾರ ಎಂದು ತಡೆದಿದ್ದರು. ಗುಳ್ಳವ್ವನನ್ನು ಹೊಳೆಗೆ ಕಳಿಸಿ, ದಂಡೆಯ ಮೇಲೆ ಬುತ್ತಿ ಉಂಡು ಬರುವ ದಿನ ಅದು. ನಾನು ಪೆಟ್ಟಿಗೆ ತೆರೆದು, 'ನೋಡಿ!' ಎಂದೆ.

ಗೌರವ್ವ ಒಂದನ್ನು ಎತ್ತಿಕೊಂಡು ಉಗುರಿನಿಂದ ಕೆರೆದಳು. 'ಸುಟ್ಟಾರಲೇ' ಎಂದಳು, ಅದೂ ಮೆಲ್ಲಗೆ. ಇನ್ನೊಬ್ಬಳು ನೀಲವ್ವನ ಗುಳ್ಳವ್ವನನ್ನು ನೋಡಿ, 'ಹರೇದಾಕಿ ಹೋಗಿ ಮುದುಕಿ ಆಗಿ ಬಂದಾಳ, ಹಲ್ಲ ಒಂದೂ ಇಲ್ಲ' ಎಂದಳು. ಯಾರಿಗೂ ನಗು ಬರಲಿಲ್ಲ.

ನೀಲವ್ವ ತನ್ನದನ್ನು ಸೆರಗಿನಲ್ಲಿ ಇಟ್ಟುಕೊಂಡು ಹೊಳೆಯ ಕಡೆ ನಡೆದುಬಿಟ್ಟಳು. ಒಂದು ಮೈಲಿ ದೂರ. ಎಲ್ಲರೂ ಹಿಂದೆ ಹೋದೆವು. ಮುಳಾ-ಮುಠಾ ಎಂದು ಹೆಸರು, ಎರಡು ಹೊಳೆ ಕೂಡಿ ಹರಿಯುವ ನೀರು. ಊರಿನ ಹೊಲಸೆಲ್ಲ ಹೊತ್ತು ಕಪ್ಪಗೆ ಹರಿಯುತ್ತಿತ್ತು. ನೀಲವ್ವ ಮೊಣಕಾಲವರೆಗೆ ಇಳಿದು ಗುಳ್ಳವ್ವನನ್ನು ನೀರಿನೊಳಗಿಟ್ಟಳು. ಅಂಗೈ ತಳಕ್ಕಿಟ್ಟು ಕಾದಳು. ಹಸಿಮಣ್ಣಾದರೆ ಕರಗಿ ಬೆರಳ ಸಂದಿನಿಂದ ಹೋಗಬೇಕಿತ್ತು. ಅವಳು ನೀರಿನೊಳಗೆ ಅದನ್ನು ತಡವಿ ತಡವಿ ನೋಡುತ್ತಿದ್ದಳು. ಎಷ್ಟೋ ಹೊತ್ತು ಹಾಗೇ ನಿಂತಳು. ಮಳೆ ಹನಿಯಿತು. ಕೊನೆಗೆ ಅದನ್ನೇ ಎತ್ತಿಕೊಂಡು ದಂಡೆಗೆ ಬಂದಳು.

'ಏನಾಯ್ತು ನೀಲವ್ವ?' ಎಂದೆ.

ಉತ್ತರ ಕೊಟ್ಟವಳು ಗೌರವ್ವ. 'ಈ ನೀರು ಮುಂದ ಹೋಗಿ ಭೀಮಾ ಹೊಳಿ ಕೂಡ್ತದ್ರಿ. ಭೀಮಾ ಇಕಿ ಊರ ಮುಂದs ಹರೀತದ. ಮಗಳಿಗೆ ಫೋನ್ ಮಾಡಿ ಹೇಳ್ಯಾಳ, ಗುಳ್ಳವ್ವನ ಕೈಯಾಗ ಮಾತ ಹೇಳಿ ಕಳಸ್ತೀನಿ, ಮಂಗಳವಾರ ಹೊಳಿ ದಂಡಿಗೆ ಹೋಗಿ ನಿಂದ್ರು ಅಂತ. ಆ ಕೂಸು ಹೋಗಿ ನಿಂದರತದ.'

ಬುತ್ತಿಯನ್ನು ಯಾರೂ ಬಿಚ್ಚಲಿಲ್ಲ. ಹಾಗೇ ವಾಪಸು ಬಂದೆವು.

ನೀಲವ್ವನ ಖೋಲಿ

ಮಂಗಳವಾರ ಸಂಜೆ ಎಂಟು ಜನ ಬಂದರು. ಮೂಲೆ ಖಾಲಿಯಿತ್ತು. ಆ ಹೊತ್ತಿನಲ್ಲಿ ಒಂದು ಮಗು ಭೀಮೆಯ ದಂಡೆಯಲ್ಲಿ ನಿಂತಿದೆ ಎಂಬುದು ಬಿಟ್ಟು ನನಗೆ ಬೇರೇನೂ ತಲೆಗೆ ಹೋಗಲಿಲ್ಲ. ಮಣ್ಣು ಹಂಚುವುದನ್ನು ನಳಿನಿಗೆ ಬಿಟ್ಟು, ಖೋಲಿಯ ನಂಬರು ಕೇಳಿಕೊಂಡು ಹೊರಟೆ.

ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಗಂಡ ಇನ್ನೂ ಬಂದಿರಲಿಲ್ಲ. ಒಲೆಯ ಹಿಂದಿನ ತಗಡಿಗೆ ಒರಗಿಸಿ ಹಲ್ಲಿಲ್ಲದ ಗುಳ್ಳವ್ವನನ್ನು ಇಟ್ಟಿದ್ದಳು. 'ಬರ್ರಿ ಅಕ್ಕೋರ, ಕುಂಡ್ರಿ' ಎಂದು ಸಿಮೆಂಟ್ ಚೀಲ ಹಾಸಿದಳು. ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು.

'ತಪ್ಪಾಯ್ತು ನೀಲವ್ವ. ಕೇಳದೆ ಸುಟ್ಟುಬಿಟ್ಟೆ. ನಿನ್ನ ಕೆಲಸ ಹಾಳು ಮಾಡಿದೆ' ಎಂದೆ.

'ನೀವು ಮಣ್ಣ ಕೆಡಿಸಿಲ್ರಿ' ಎಂದಳು ರೊಟ್ಟಿ ತಿರುವುತ್ತ. 'ಭಾಳ ಚಂದ ಆಗೇದ. ಆದ್ರ ದಾರಿ ಕೆಡಿಸಿದ್ರಿ.'

ನನಗೆ ಅಳು ಬಂತು. ಐವತ್ತೆಂಟು ವರ್ಷದವಳು ಸಿಮೆಂಟ್ ಚೀಲದ ಮೇಲೆ ಕೂತು ಶಾಲೆಯ ಹುಡುಗಿಯ ಹಾಗೆ ಅತ್ತೆ. ಅವಳು ಗಾಬರಿಯಾಗಿ ಬಿಸಿ ರೊಟ್ಟಿಯೊಂದನ್ನು ನನ್ನ ಕೈಗಿಟ್ಟಳು, ಮೇಲೆ ಶೇಂಗಾ ಚಟ್ನಿ. ತಿನ್ನುತ್ತ ನಮ್ಮ ಮನೆಯ ಗೊಂಬೆಗಳ ಕಥೆ ಹೇಳಿದೆ. ಪಂಚೆ, ಬೇವಿನೆಲೆ, ಪೆಟ್ಟಿಗೆ, ಅಜ್ಜಿಯ ಅತ್ತೆ, ಎಲ್ಲ. ಅವಳ ಕಣ್ಣು ಅಗಲವಾಯಿತು.

'ನೂರು ವರ್ಷದಿಂದ ಅವs ಬೊಂಬಿ ಇಟ್ಕೊಂಡು ಕುಂತೀರೇನ್ರಿ? ಪೆಟ್ಟಿಗಿಯೊಳಗ? ಅವಕ್ಕ ಬ್ಯಾಸರ ಆಗಂಗಿಲ್ಲೇನ್ರಿ?'

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಯೋಚಿಸಿ, 'ಆಗುತ್ತೇನೋ' ಎಂದೆ. ಅವಳು ನಕ್ಕಳು. ನನಗೂ ನಗು ಬಂತು.

'ಭಾಗ್ಯಾಳಿಗೆ ಏನು ಹೇಳಿದೆ?' ಎಂದು ಧೈರ್ಯ ಮಾಡಿ ಕೇಳಿದೆ.

'ನಿನ್ನಿ ಫೋನ್ ಮಾಡಿ ಖರೇನs ಹೇಳ್ದೆ. ಮೈಸೂರಿನ ಅಕ್ಕೋರು ಗುಳ್ಳವ್ವನ್ನ ಸುಟ್ಟಾರ, ಈ ವಾರ ಬರಂಗಿಲ್ಲ ಅಂತ. ಅಕಿ ಒಂದ ಮಾತ ಆಡ್ಲಿಲ್ರಿ. ಫೋನ್ ಇಟ್ಟಬಿಟ್ಟಳು.' ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಗೆಗೋ ಏನೋ ಗೊತ್ತಾಗಲಿಲ್ಲ.

'ಇನ್ನೊಂದು ಮಾಡೋಣ. ನನಗೆ ಹೇಳಿಕೊಡ್ತೀಯಾ?' ಎಂದೆ. ಅವಳು ಒಲೆಯ ಬೆಂಕಿ ಹಿಂದಕ್ಕೆ ಎಳೆದು, ಕೈ ತೊಳೆದುಕೊಂಡು ನನ್ನ ಜೊತೆ ಶೆಡ್ಡಿಗೆ ಬಂದಳು.

ಅವಳ ಕೈಕೆಳಗೆ ಕೂತು ನಾನು ಒಂದು ಗುಳ್ಳವ್ವ ಮಾಡಿದೆ. ನನ್ನದಕ್ಕೆ ಮಡಿಲು ಚಿಕ್ಕದಾಯಿತು. 'ಮಡಲು ಅಗಲ ಇರಬೇಕ್ರಿ, ಇಲ್ಲಂದ್ರ ಮಾತ ಎಲ್ಲಿ ಇಟ್ಕೋತಾಳ?' ಎಂದು ಕೆಡಿಸಿ ಮತ್ತೆ ಮಾಡಿಸಿದಳು. ಮೂವತ್ತೆರಡು ವರ್ಷ ಕೆಂಪು ಪೆನ್ನು ಹಿಡಿದವಳಿಗೆ ಆ ಸಂಜೆ ಎರಡು ಸಲ ತಿದ್ದುಪಡಿಯಾಯಿತು.

ಎರಡನೇ ಭಾನುವಾರ

ಈ ಸಲ ಗುಳ್ಳವ್ವರನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿ ಕಾದವಳು ನಾನೇ. ಒಣಗಿ ಬಿರುಕು ಬಿಡಬಾರದೆಂದು ದಿನಾ ಹೋಗಿ ನೀರು ಚಿಮುಕಿಸಿ ಬರುತ್ತಿದ್ದೆ. ನಳಿನಿ, 'ಮಗಳ ಬಾಣಂತನ ಮಾಡ್ಲಿಕತ್ತಿ ಏನ' ಎಂದು ಛೇಡಿಸಿದಳು.

ವಾರವಿಡೀ ಮಳೆ ಸುರಿದು ಹೊಳೆ ತುಂಬಿಕೊಂಡಿತ್ತು. ನೀಲವ್ವ ಮಗಳಿಗೆ ಮತ್ತೆ ಫೋನ್ ಮಾಡಿ, ಮಂಗಳವಾರ ದಂಡೆಗೆ ಹೋಗಲು ಹೇಳಿದ್ದಳು. ದಂಡೆಯಲ್ಲಿ ನಿಂತು ನಳಿನಿ ನನ್ನ ಕಿವಿಯಲ್ಲಿ, 'ನಡುವ ಉಜನಿ ಡ್ಯಾಮ್ ಅದ. ಎರಡ ದಿನದಾಗ ಅಲ್ಲಿಗೆ ಹೆಂಗ ಮುಟ್ಟತದ?' ಎಂದು ಪಿಸುಗುಟ್ಟಿದಳು. ನೀಲವ್ವನ ಕಿವಿ ಚುರುಕು.

'ಡ್ಯಾಮಿಗೆ ಗೇಟ ಇರ್ತಾವಲ್ರೀ ಬಾಯಾರ' ಎಂದಳು. 'ಹೆಣ್ಣಮಗಳು ಅದಾಳ ಅಂದ್ರ ತೆಗೀತಾರ.'

'ನೀರು ಇಷ್ಟು ಹೊಲಸಿದೆಯಲ್ಲ' ಎಂದೆ ನಾನು.

'ಇಲ್ಲಿ ಅಷ್ಟs ಹೊಲಸ್ರಿ. ಮುಂದ ಹೋದಂಗ ತಿಳಿ ಆಗ್ತದ.'

ಅವಳು ಗುಳ್ಳವ್ವನನ್ನು ಬಾಯಿಯ ಹತ್ತಿರ ಹಿಡಿದು ಏನೋ ಹೇಳಿದಳು. ಬಹಳ ಹೊತ್ತು ಹೇಳಿದಳು. ಅದು ನಮಗೆ ಕೇಳಿಸಬಾರದ್ದು, ನಾವು ಬೇರೆ ಕಡೆ ನೋಡಿದೆವು. ಆಮೇಲೆ ನೀರಿನಲ್ಲಿಟ್ಟಳು. ಮೊದಲು ಜಡೆ ಕರಗಿತು, ಆಮೇಲೆ ಮುಖ. ಜೋಳದ ಹಲ್ಲುಗಳು ಬಿಡಿಬಿಡಿಯಾಗಿ ತೇಲಿದವು. ನೀಲವ್ವನ ಬೆರಳುಗಳ ನಡುವೆ ಕೆಂಪು ನೀರು ಇಷ್ಟುದ್ದ ಎಳೆಯಾಗಿ ಹರಿದು ಹೋಯಿತು. ನನ್ನ ಗುಳ್ಳವ್ವನನ್ನು ನಾನೂ ಬಿಟ್ಟೆ. ಅಷ್ಟು ಕಷ್ಟಪಟ್ಟು ಮಾಡಿದ್ದು ಕೈಯಲ್ಲೇ ಇಲ್ಲವಾಗುವುದನ್ನು ನೋಡಿ ಸಂಕಟವಾಯಿತು. ಅದರ ಬೆನ್ನಿಗೇ ಹಗುರವೂ ಆಯಿತು, ಯಾಕೆಂದು ಗೊತ್ತಿಲ್ಲ.

ಬುತ್ತಿ ಬಿಚ್ಚಿದೆವು. ಒಂದು ಮಾತು ಒಪ್ಪಿಕೊಳ್ಳುತ್ತೇನೆ: ಆ ಹೊತ್ತು ನನಗೆ ಕಾಫಿ ನೆನಪಾಗಲಿಲ್ಲ.

ಎಸ್‌ಟಿಡಿ ಬೂತು

ನನ್ನ ರೈಲು ಬುಧವಾರ. ಮಂಗಳವಾರ ಸಂಜೆ ನೀಲವ್ವ ನನ್ನನ್ನು ರಸ್ತೆಯಾಚೆಯ ಎಸ್‌ಟಿಡಿ ಬೂತಿಗೆ ಕರೆದುಕೊಂಡು ಹೋದಳು. ಜೊತೆಗೆ ಉಳಿದ ಎಂಟೂ ಜನ, ನಳಿನಿಯೂ ಬಂದರು. ಅವಳ ಊರಿನಲ್ಲಿ ಫೋನಿರುವುದು ಕಿರಾಣಿ ಅಂಗಡಿಯಲ್ಲಿ ಮಾತ್ರ. ಮೊದಲು ಅಂಗಡಿಯವರಿಗೆ ಹೇಳಿ, ಅವರು ಮಗುವನ್ನು ಕರೆಸುವ ತನಕ ಕಾಯ್ದು, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಬೇಕು. ಆ ಹತ್ತು ನಿಮಿಷ ನಾವು ಹನ್ನೊಂದು ಹೆಂಗಸರು ಮಳೆಯಲ್ಲಿ ಒಂದೇ ತಗಡಿನ ಸೂರಿನಡಿ ಒತ್ತಿಕೊಂಡು ನಿಂತಿದ್ದೆವು.

ನೀಲವ್ವ ಎರಡನೇ ಸಲ ಫೋನ್ ಹಚ್ಚಿ, 'ಭಾಗ್ಯಾ' ಎಂದಳು. ಕೇಳಿಸಿಕೊಂಡಳು. ತಟ್ಟನೆ ಕೈಯಿಂದ ಬಾಯಿ ಮುಚ್ಚಿಕೊಂಡು ನಮ್ಮ ಕಡೆ ತಿರುಗಿದಳು.

'ಹೊಳಿಗೆ ಹೊಸಾ ನೀರು ಬಂದಾವಂತ. ಕೆಂಪ ನೀರು. ಬೊಗಸಿ ತುಂಬಿ ಮುಖಕ್ಕ ಹಚ್ಕೊಂಡಾಳಂತ.'

ಗೌರವ್ವ ಬೂತಿನ ಬಾಗಿಲನ್ನೇ ತಬ್ಬಿಕೊಂಡಳು. ಕೆಂಪು ನೀರು ಎಲ್ಲಿಯ ಮಳೆಯದೋ, ಯಾವ ಹೊಲದ ಮಣ್ಣೋ, ನಳಿನಿ ಕೂಡ ಆ ಮಾತು ಎತ್ತಲಿಲ್ಲ. ತಾಯಿ ಮಗಳು ಮಾತಾಡುವುದನ್ನೆಲ್ಲ ಮಾತಾಡಿದರು. ಸಾಲಿ, ಎಮ್ಮೆಕರು, ಅಜ್ಜಿಯ ಮೊಣಕಾಲು. ಕೊನೆಗೆ ನೀಲವ್ವ ರಿಸೀವರನ್ನು ನನ್ನ ಕೈಗೆ ಕೊಟ್ಟಳು. 'ನಿಮ್ಮ ಜೋಡಿ ಮಾತಾಡಬೇಕಂತ್ರಿ.'

ಬೈಸಿಕೊಳ್ಳಲು ಸಿದ್ಧಳಾಗಿಯೇ, 'ಹೇಳು ಪುಟ್ಟಿ' ಎಂದೆ.

ಆ ಕಡೆಯಿಂದ ತೆಳ್ಳನೆಯ ದನಿ. 'ಅಕ್ಕೋರ, ನೀವು ಸುಟ್ಟ ಗುಳ್ಳವ್ವ ಕರಗಂಗೇ ಇಲ್ಲೇನ್ರಿ?'

'ಇಲ್ಲಮ್ಮ. ತಪ್ಪಾಯ್ತು ನಂದು.'

'ಎಷ್ಟ ಮಳಿ ಬಂದ್ರೂ?'

'ಎಷ್ಟು ಮಳೆ ಬಂದ್ರೂ.'

ಮಗು ಯೋಚಿಸುತ್ತಿತ್ತು.

'ಹಂಗಾರ ಅಕಿ ಅಲ್ಲೇ ಇರ್ಲಿ ಬಿಡ್ರಿ, ನಮ್ಮವ್ವನ ಜೋಡಿ. ನಮ್ಮವ್ವಗ ಒಬ್ಬಾಕಿಗೆ ಬ್ಯಾಸರ ಆಗ್ತದ.'